ತೆರಿಗೆ: ನೀವು ಕೇಳಿದ್ದೀರಿ – ಹನ್ನೆರಡು ಲಕ್ಷದೊಳಗಿದ್ದರೂ ತೆರಿಗೆ ಬಂತೇಕೆ?

ಈ ತಿಂಗಳ ಪತ್ರಗಳಲ್ಲಿ ಮುಕ್ಕಾಲುಪಾಲು ಒಂದೇ ದೂರು ಹೊತ್ತು ಬಂದಿವೆ: ‘ಹನ್ನೆರಡು ಲಕ್ಷದವರೆಗೆ ತೆರಿಗೆ ಇಲ್ಲ ಅಂದರಲ್ಲ, ಮತ್ತೆ ನನಗೇಕೆ ಬಂತು?’ ಕೆಳಗಿನ ಉತ್ತರಗಳೆಲ್ಲ 2025-26ನೇ ಸಾಲಿನ, ಅಂದರೆ 2025ರ ಏಪ್ರಿಲ್‌ನಿಂದ 2026ರ ಮಾರ್ಚ್‌ವರೆಗಿನ ಆದಾಯಕ್ಕೆ ಸಂಬಂಧಿಸಿದವು. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿದೆ ನಿಜ. ಆದರೆ ಈ ಸಾಲಿನ ರಿಟರ್ನ್ಸ್‌ಗೆ 1961ರ ಹಳೆಯ ಕಾಯ್ದೆಯದೇ ಲೆಕ್ಕ.

ಪ್ರಶ್ನೆ: ಸಂಬಳ ವರ್ಷಕ್ಕೆ 10 ಲಕ್ಷ. ಷೇರು ಕೊಂಡು ಮೂರ್ನಾಲ್ಕು ತಿಂಗಳಲ್ಲಿ ಮಾರಿ 50 ಸಾವಿರ ಲಾಭ ಮಾಡಿದೆ. ಒಟ್ಟು 12 ಲಕ್ಷ ದಾಟಿಲ್ಲ. ಆದರೂ ಪೋರ್ಟಲ್ 10,400 ರೂಪಾಯಿ ಕಟ್ಟು ಎನ್ನುತ್ತಿದೆ. ತಪ್ಪಾಗಿದೆಯೇ? – ತುಮಕೂರು

ಉತ್ತರ: ತಪ್ಪಿಲ್ಲ. ಹೊಸ ಪದ್ಧತಿಯಲ್ಲಿ (ದರವೂ ಕಡಿಮೆ, ಕಡಿತಗಳೂ ಕಡಿಮೆ ಇರುವ ಲೆಕ್ಕ; ಇದು ಮೇಲೆ ಹೇಳಿದ ಹೊಸ ಕಾಯ್ದೆಯಲ್ಲ) ನಿಜವಾಗಿ ತೆರಿಗೆ ಇಲ್ಲದಿರುವುದು ಮೊದಲ 4 ಲಕ್ಷಕ್ಕೆ ಮಾತ್ರ. ಅಲ್ಲಿಂದ 8 ಲಕ್ಷದವರೆಗೆ ಶೇ 5, 12ರವರೆಗೆ ಶೇ 10, 16ರವರೆಗೆ ಶೇ 15, 20ರವರೆಗೆ ಶೇ 20, 24ರವರೆಗೆ ಶೇ 25, ಆಮೇಲೆ ಶೇ 30. 12 ಲಕ್ಷಕ್ಕೆ ಈ ದರದಲ್ಲಿ 60,000 ರೂಪಾಯಿ ತೆರಿಗೆ ಬರುತ್ತದೆ. ಒಟ್ಟು ಆದಾಯ 12 ಲಕ್ಷ ಮೀರದಿದ್ದರೆ ಆ 60,000ವನ್ನು ಸೆಕ್ಷನ್ 87ಎ ಪ್ರಕಾರ ಮನ್ನಾ ಮಾಡುತ್ತಾರೆ. ಇದಕ್ಕೆ ರಿಬೇಟ್ ಎನ್ನುತ್ತಾರೆ. ಆದಾಯಕ್ಕೆ ವಿನಾಯಿತಿ ಇರುವುದು ಬೇರೆ, ಬಂದ ತೆರಿಗೆಯನ್ನು ಮನ್ನಾ ಮಾಡುವುದು ಬೇರೆ. ಸುದ್ದಿ ಶೀರ್ಷಿಕೆಗಳಲ್ಲಿ ಈ ವ್ಯತ್ಯಾಸ ಮಾಯವಾಯಿತು, ಗೊಂದಲವೆಲ್ಲ ಅಲ್ಲಿಂದಲೇ.

ಈ ಮನ್ನಾ ಸ್ಲ್ಯಾಬ್ ದರದ, ಅಂದರೆ ಮೇಲಿನ ಹಂತಹಂತದ ದರದ, ತೆರಿಗೆಗೆ ಮಾತ್ರ. ಸಂಬಳದಲ್ಲಿ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ (ಸಂಬಳ, ಪಿಂಚಣಿಯವರಿಗೆ ಸಿಗುವ ನಿಗದಿತ ಕಡಿತ) ಕಳೆದರೆ ನಿಮಗೆ 9.25 ಲಕ್ಷ ಉಳಿಯಿತು. ಅದರ ತೆರಿಗೆ 32,500 ಪೂರ್ತಿ ಮನ್ನಾ. ಷೇರನ್ನು ಒಂದು ವರ್ಷದೊಳಗೆ ಮಾರಿದ ಲಾಭಕ್ಕೆ ಶೇ 20ರ ವಿಶೇಷ ದರವಿದೆ, ಅದಕ್ಕೆ ರಿಬೇಟ್ ಸಿಗದು. 50,000ಕ್ಕೆ 10,000, ಅದರ ಮೇಲೆ ಶೇ 4 ಸೆಸ್ (ತೆರಿಗೆಯ ಮೇಲಿನ ಉಪಕರ) 400. ಇದೇ ಷೇರನ್ನು ವರ್ಷ ಕಳೆದು ಮಾರಿದ್ದರೆ 1.25 ಲಕ್ಷದವರೆಗಿನ ಲಾಭಕ್ಕೆ ತೆರಿಗೆಯೇ ಇರಲಿಲ್ಲ.

ಬೇರೆ ಆದಾಯವೇ ಇಲ್ಲದ ಗೃಹಿಣಿಗೆ 3 ಲಕ್ಷ ಷೇರು ಲಾಭ ಬಂದರೆ ಅದು ಮೊದಲ 4 ಲಕ್ಷದ ವಿನಾಯಿತಿಯೊಳಗೇ ಸೇರುವುದರಿಂದ ತೆರಿಗೆ ಬರುವುದಿಲ್ಲ. ನಿಮಗೆ ಆ ಅನುಕೂಲವಿಲ್ಲ, ನಿಮ್ಮ 4 ಲಕ್ಷವನ್ನು ಸಂಬಳವೇ ತಿಂದುಹಾಕಿದೆ. ಇನ್ನೊಂದು ವಿಷಯ: ಇಂಥ ಅಲ್ಪಾವಧಿ ಲಾಭವಿದ್ದವರು ಐಟಿಆರ್-1 ಎಂಬ ಸರಳ ರಿಟರ್ನ್ಸ್ ಫಾರಂ ತುಂಬುವಂತಿಲ್ಲ, ಐಟಿಆರ್-2 ಬೇಕು. ತಪ್ಪು ಫಾರಂ ಹಾಕಿದರೆ ‘ದೋಷಪೂರಿತ ರಿಟರ್ನ್ಸ್’ ಎಂಬ ನೋಟಿಸ್ ಬರುತ್ತದೆ, ಸರಿಪಡಿಸಲು ಸಿಗುವುದು 15 ದಿನ.

ಪ್ರಶ್ನೆ: ಸಂಬಳ ಸರಿಯಾಗಿ 13 ಲಕ್ಷ. 12.75 ಲಕ್ಷಕ್ಕಿಂತ 25 ಸಾವಿರ ಹೆಚ್ಚಾಗಿದ್ದಕ್ಕೆ 63 ಸಾವಿರ ಕಟ್ಟಬೇಕೇ? – ಬೆಳಗಾವಿ

ಉತ್ತರ: ಬೇಡ. ಸ್ಟ್ಯಾಂಡರ್ಡ್ ಡಿಡಕ್ಷನ್ ನಂತರ 12.25 ಲಕ್ಷ. ಸ್ಲ್ಯಾಬ್ ಪ್ರಕಾರ 63,750 ಬರುತ್ತದೆ. ಆದರೆ 12 ಲಕ್ಷದ ಮೇಲೆ ಎಷ್ಟು ಹೆಚ್ಚು ಗಳಿಸಿದ್ದೀರೋ ಅದಕ್ಕಿಂತ ಹೆಚ್ಚು ತೆರಿಗೆ ಕೇಳುವಂತಿಲ್ಲ. ಹಾಗಾಗಿ 25,000, ಸೆಸ್ ಸೇರಿ 26,000. ಈ ಪರಿಹಾರ ಸುಮಾರು 12.70 ಲಕ್ಷದ ನಿವ್ವಳ ಆದಾಯದವರೆಗೆ ಕೆಲಸ ಮಾಡುತ್ತದೆ. ಪೋರ್ಟಲ್ ತಾನೇ ಲೆಕ್ಕ ಹಾಕುತ್ತದೆ.

ಪ್ರಶ್ನೆ: ನಾನು ನಿವೃತ್ತ ಉಪನ್ಯಾಸಕ. ಪಿಂಚಣಿ ವರ್ಷಕ್ಕೆ 10.75 ಲಕ್ಷ. ಅಡಿಕೆ ತೋಟದಿಂದ ಖರ್ಚು ಕಳೆದು 6 ಲಕ್ಷ ಉಳಿಯುತ್ತದೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಪಿಂಚಣಿ 12 ಲಕ್ಷದೊಳಗಿದೆ. ಹಾಗಾದರೆ ನನ್ನ ತೆರಿಗೆ ಸೊನ್ನೆಯಲ್ಲವೇ? – ಶಿರಸಿ

ಉತ್ತರ: ಅಲ್ಲ, 20,800. ಮಲೆನಾಡಿನಿಂದ ಪ್ರತಿವರ್ಷ ಬರುವ ಪ್ರಶ್ನೆ ಇದು. ತಪ್ಪುವುದೂ ಹೆಚ್ಚಿನವರು ಇಲ್ಲಿಯೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇವೆ.

ಅಡಿಕೆಯ ಆದಾಯಕ್ಕೆ ಕೇಂದ್ರದ ತೆರಿಗೆ ಇಲ್ಲ ಎಂಬುದು ಸರಿ. ಆದರೆ ಕೃಷಿ ಆದಾಯ 5,000 ದಾಟಿ, ಕೃಷಿಯೇತರ ಆದಾಯವೂ ಮೂಲ ವಿನಾಯಿತಿಯನ್ನು ದಾಟಿದರೆ, ನಿಮ್ಮ ಪಿಂಚಣಿಗೆ ಯಾವ ದರ ಹಚ್ಚಬೇಕು ಎಂದು ನೋಡುವಾಗ ತೋಟದ ಆದಾಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಲೆಕ್ಕ ಮೂರು ಹೆಜ್ಜೆಯದು. ಪಿಂಚಣಿಯಲ್ಲಿ 75,000 ಕಳೆದರೆ 10 ಲಕ್ಷ. ಅದಕ್ಕೆ ಕೃಷಿಯ 6 ಲಕ್ಷ ಸೇರಿಸಿ 16 ಲಕ್ಷಕ್ಕೆ ತೆರಿಗೆ ಹಾಕಿದರೆ 1,20,000. ಇನ್ನು ಕೃಷಿಯ 6 ಲಕ್ಷಕ್ಕೆ ಮೂಲ ವಿನಾಯಿತಿ 4 ಲಕ್ಷ ಸೇರಿಸಿ 10 ಲಕ್ಷಕ್ಕೆ ಹಾಕಿದರೆ 40,000. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ 80,000, ಇದು ನಿಮ್ಮ ಪಿಂಚಣಿಯ ತೆರಿಗೆ. ನಿಮ್ಮ ‘ಒಟ್ಟು ಆದಾಯ’ 10 ಲಕ್ಷವೇ ಆದ್ದರಿಂದ ರಿಬೇಟ್ ಸಿಗುತ್ತದೆ. ಆದರೆ ರಿಬೇಟಿನ ಮಿತಿ 60,000. ಉಳಿದ 20,000ಕ್ಕೆ ಸೆಸ್ 800 ಸೇರಿಸಿ ಕಟ್ಟಬೇಕು. ತೋಟವಿಲ್ಲದಿದ್ದರೆ ಇದೇ ಪಿಂಚಣಿಗೆ ಒಂದು ಪೈಸೆಯೂ ಇರುತ್ತಿರಲಿಲ್ಲ.

ಅಡಿಕೆ ಸುಲಿದು, ಬೇಯಿಸಿ, ಒಣಗಿಸಿ ಮಾರುವುದು ಬೆಳೆಗಾರರು ಮಾಮೂಲಾಗಿ ಮಾಡುವ ಕೆಲಸವಾದ್ದರಿಂದ ಅದೂ ಕೃಷಿಯೇ. ಪಕ್ಕದ ತೋಟದ ಫಸಲನ್ನು ಚೇಣಿ (ಗುತ್ತಿಗೆ) ಹಿಡಿದು ಬರೀ ಕೊಂಡು ಮಾರಿದರೆ ಅದು ವ್ಯಾಪಾರ. ಕಾಫಿಯವರದು ಇನ್ನೂ ಬೇರೆ ಲೆಕ್ಕ. ಹಣ್ಣನ್ನೋ ಚೆರಿಯನ್ನೋ (ಒಣಗಿಸಿದ ಹಣ್ಣು) ಹಾಗೆಯೇ ಮಾರಿದರೆ ಪೂರ್ತಿ ಕೃಷಿ ಆದಾಯ. ತಾವೇ ಕ್ಯೂರಿಂಗ್ (ಸಿಪ್ಪೆ ತೆಗೆದು ಬೀಜ ಸಿದ್ಧಪಡಿಸುವುದು) ಮಾಡಿ ಮಾರಿದರೆ ಶೇ 25, ಹುರಿದು ಪುಡಿ ಮಾಡಿ ಮಾರಿದರೆ ಶೇ 40 ಭಾಗ ವ್ಯಾಪಾರದ ಆದಾಯವಾಗುತ್ತದೆ. ಕೊಡಗು, ಚಿಕ್ಕಮಗಳೂರಿನಲ್ಲಿ ಸ್ವಂತ ಹೆಸರಿನ ಪುಡಿ ಪೊಟ್ಟಣ ಮಾಡಿ ಮಾರುವ ಸಣ್ಣ ಬೆಳೆಗಾರರು ಇದನ್ನು ಮರೆಯುತ್ತಾರೆ.

ನೀವು ತುಂಬಬೇಕಾದದ್ದು ಐಟಿಆರ್-2. ಕೃಷಿ ಆದಾಯ 5 ಲಕ್ಷ ದಾಟಿದ್ದರಿಂದ ಜಮೀನು ಯಾವ ಜಿಲ್ಲೆ, ಪಿನ್ ಕೋಡ್, ಎಷ್ಟು ಎಕರೆ, ಸ್ವಂತದ್ದೋ ಗೇಣಿಯೋ, ನೀರಾವರಿಯೋ ಮಳೆಯಾಶ್ರಿತವೋ ಎಂದೆಲ್ಲ ಕೇಳುತ್ತದೆ. ಪಹಣಿಯನ್ನು ಪಕ್ಕದಲ್ಲಿಟ್ಟುಕೊಂಡು ಕುಳಿತುಕೊಳ್ಳಿ. ಮಂಡಿ ಅಥವಾ ಸೊಸೈಟಿಯ ಪಟ್ಟಿ, ಗೊಬ್ಬರ–ಔಷಧಿ ಬಿಲ್, ಕೂಲಿ ಲೆಕ್ಕ ಜೋಪಾನವಾಗಿರಲಿ. ಬ್ಯಾಂಕಿಗೆ ಬಂದ ದುಡ್ಡು ಅಡಿಕೆಯದು ಎಂದು ತೋರಿಸಬೇಕಾದ ಹೊಣೆ ನಿಮ್ಮದೇ.

ಪ್ರಶ್ನೆ: ಸಂಬಳ 15 ಲಕ್ಷ, ಮೂಲ ವೇತನ ತಿಂಗಳಿಗೆ 50,000, ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) 20,000, ಮನೆ ಬಾಡಿಗೆ 18,000. ಪಿಎಫ್, ಎಲ್‌ಐಸಿ ಸೇರಿ 1.5 ಲಕ್ಷ, ಆರೋಗ್ಯ ವಿಮೆ 25,000. ಹಳೆ ಪದ್ಧತಿಯೇ ಒಳ್ಳೆಯದು ಎನ್ನುತ್ತಾರೆ ಸಹೋದ್ಯೋಗಿಗಳು. – ಬೆಂಗಳೂರು

ಉತ್ತರ: ಹಳೆ ಪದ್ಧತಿಯಲ್ಲಿ ಬಾಡಿಗೆ, ಉಳಿತಾಯ, ವಿಮೆ, ಮನೆ ಸಾಲದ ಬಡ್ಡಿಯಂಥವನ್ನು ಆದಾಯದಿಂದ ಕಳೆಯಬಹುದು, ಆದರೆ ದರ ಹೆಚ್ಚು. ಸಹೋದ್ಯೋಗಿಗೆ ಮನೆ ಸಾಲವಿರಬಹುದು, ಅದು ನಿಮ್ಮ ಲೆಕ್ಕಕ್ಕೆ ಬರುವುದಿಲ್ಲ. ನಿಮ್ಮದನ್ನೇ ನೋಡೋಣ.

ಎಚ್‌ಆರ್‌ಎ ವಿನಾಯಿತಿ ಮೂರರಲ್ಲಿ ಕಡಿಮೆಯದು: ಸಿಕ್ಕ ಎಚ್‌ಆರ್‌ಎ 20,000, ಮೂಲ ವೇತನದ ಶೇ 40, ಅಂದರೆ 20,000, ಬಾಡಿಗೆಯಲ್ಲಿ ಮೂಲ ವೇತನದ ಶೇ 10 ಕಳೆದದ್ದು, ಅಂದರೆ 13,000. ಈ ಸಾಲಿಗೆ ಶೇ 50ರ ಮಿತಿ ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈಗೆ ಮಾತ್ರ. ಬಾಡಿಗೆಯಲ್ಲಿ ಬೆಂಗಳೂರು ಯಾರಿಗೂ ಕಡಿಮೆಯಿಲ್ಲ, ಆದರೂ ಕಾಗದದ ಮೇಲೆ ಶೇ 40ರ ಊರು. ವರ್ಷಕ್ಕೆ ನಿಮಗೆ ಸಿಗುವುದು 1,56,000. ಬಾಡಿಗೆ ವರ್ಷಕ್ಕೆ ಲಕ್ಷ ದಾಟಿದ್ದರಿಂದ ಮಾಲೀಕರ ಪ್ಯಾನ್ ಕೊಡಲೇಬೇಕು.

ಹಳೆ ಪದ್ಧತಿ: 15 ಲಕ್ಷದಲ್ಲಿ 50,000 ಸ್ಟ್ಯಾಂಡರ್ಡ್ ಡಿಡಕ್ಷನ್, 1.56 ಲಕ್ಷ, 1.5 ಲಕ್ಷ, 25,000 ಕಳೆದರೆ 11.19 ಲಕ್ಷ. ತೆರಿಗೆ 1,48,200, ಸೆಸ್ ಸೇರಿ 1,54,128. ಹೊಸ ಪದ್ಧತಿ: 14.25 ಲಕ್ಷಕ್ಕೆ 93,750, ಸೆಸ್ ಸೇರಿ 97,500. ಹೊಸದರಲ್ಲಿ 56,628 ಉಳಿತಾಯ. (ವೃತ್ತಿ ತೆರಿಗೆಯನ್ನು ಹಳೆಯದರಲ್ಲಿ ಮಾತ್ರ ಕಳೆಯಬಹುದು. ಮೊತ್ತ ಚಿಕ್ಕದು, ಇಲ್ಲಿ ಬಿಟ್ಟಿದ್ದೇವೆ.)

15 ಲಕ್ಷ ಸಂಬಳದವರಿಗೆ ಎರಡೂ ಸಮವಾಗಬೇಕಾದರೆ ಸ್ಟ್ಯಾಂಡರ್ಡ್ ಡಿಡಕ್ಷನ್ ಬಿಟ್ಟು 5,43,750 ರೂಪಾಯಿಯಷ್ಟು ಕಡಿತ ಬೇಕು. 80ಸಿ (ಪಿಎಫ್, ಎಲ್‌ಐಸಿಯಂಥ ಉಳಿತಾಯ) 1.5 ಲಕ್ಷ ಪೂರ್ತಿ, ಮನೆ ಸಾಲದ ಬಡ್ಡಿ 2 ಲಕ್ಷ ಪೂರ್ತಿ, ವಿಮೆ 25,000, ಎನ್‌ಪಿಎಸ್‌ಗೆ (ರಾಷ್ಟ್ರೀಯ ಪಿಂಚಣಿ ಯೋಜನೆ) ಹೆಚ್ಚುವರಿ 50,000 ಎಲ್ಲ ಸೇರಿಸಿದರೂ 4.25 ಲಕ್ಷವೇ. ಮನೆ ಸಾಲದ ಜೊತೆಗೆ ಬೇರೆ ಊರಲ್ಲಿ ಬಾಡಿಗೆಯನ್ನೂ ಕಟ್ಟುವವರಿಗೆ ಮಾತ್ರ ಹಳೆಯದು ಗಿಟ್ಟೀತು. ತೆರಿಗೆ ಉಳಿಸಲೆಂದೇ ಮಾರ್ಚ್ ಕೊನೆಯಲ್ಲಿ ಬೇಡದ ವಿಮಾ ಪಾಲಿಸಿ ಕೊಳ್ಳುವ ಅಭ್ಯಾಸಕ್ಕೆ ಇನ್ನು ಅರ್ಥವಿಲ್ಲ.

ಹೊಸ ಪದ್ಧತಿಯಲ್ಲೂ ಒಂದು ಕಿಂಡಿ ತೆರೆದಿದೆ. ಕಂಪನಿ ನಿಮ್ಮ ಪರವಾಗಿ ಎನ್‌ಪಿಎಸ್‌ಗೆ ಕಟ್ಟುವ ಹಣ, ಮೂಲ ವೇತನದ ಶೇ 14ರವರೆಗೆ, ಕಳೆಯಲು ಬರುತ್ತದೆ. ನಿಮ್ಮ ಲೆಕ್ಕದಲ್ಲಿ ಅದು 84,000. ಸಂಬಳದ ಒಳಗೇ ಹಾಗೆ ಜೋಡಿಸಿಕೊಡಲು ಕಂಪನಿ ಒಪ್ಪಿದರೆ ವರ್ಷಕ್ಕೆ 13,104 ಉಳಿಯುತ್ತದೆ. ನೀವೇ ಕಟ್ಟಿದ ಎನ್‌ಪಿಎಸ್‌ಗೆ ಈ ಲಾಭವಿಲ್ಲ. ಈ ಹಣ ನಿವೃತ್ತಿಯವರೆಗೂ ಬಹುಮಟ್ಟಿಗೆ ಕೈಗೆ ಸಿಗದು ಎಂಬುದನ್ನೂ ತೂಗಿ ನೋಡಿ.

ಹಳೆಯದನ್ನೇ ಆರಿಸುವವರಿಗೆ ಒಂದು ಎಚ್ಚರಿಕೆ: ಗಡುವು ಮೀರಿದ ರಿಟರ್ನ್ಸ್‌ನಲ್ಲಿ ಹಳೆ ಪದ್ಧತಿಯ ಆಯ್ಕೆಯೇ ಇಲ್ಲ. ಜುಲೈ 31ರ ಬದಲು ಆಗಸ್ಟ್‌ನಲ್ಲಿ ಸಲ್ಲಿಸಿದರೆ ತಡದ ಶುಲ್ಕ 5,000 (ಆದಾಯ 5 ಲಕ್ಷದೊಳಗಿದ್ದರೆ 1,000) ಮಾತ್ರವಲ್ಲ, ಎಚ್‌ಆರ್‌ಎ, ಮನೆ ಸಾಲದ ಬಡ್ಡಿ ಎಲ್ಲವೂ ಹೋದ ಹಾಗೆ.

ಪ್ರಶ್ನೆ: ಗಂಡ ತೀರಿಕೊಂಡ ಮೇಲೆ ಬರುವ ಕುಟುಂಬ ಪಿಂಚಣಿಗೂ 75,000 ಕಳೆಯಬಹುದೇ? – ಹಾಸನ

ಉತ್ತರ: ಆಗದು. ಕುಟುಂಬ ಪಿಂಚಣಿ ‘ಸಂಬಳ’ವಲ್ಲ, ‘ಇತರ ಮೂಲದ ಆದಾಯ’. ಪಿಂಚಣಿಯ ಮೂರನೇ ಒಂದು ಭಾಗ ಅಥವಾ 25,000, ಯಾವುದು ಕಡಿಮೆಯೋ ಅದನ್ನು ಕಳೆಯಬಹುದು. ಹಳೆ ಪದ್ಧತಿಯಲ್ಲಿ ಈ ಮಿತಿ 15,000.

ಪ್ರಶ್ನೆ: ನನಗೆ 68 ವರ್ಷ. ಬ್ಯಾಂಕ್ ಠೇವಣಿ ಬಡ್ಡಿ 1.40 ಲಕ್ಷಕ್ಕೆ ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ತೆರಿಗೆ) ಹಿಡಿದಿದ್ದಾರೆ. ಸಹಕಾರ ಸಂಘದಲ್ಲಿಟ್ಟ ಹಣಕ್ಕೆ 3.5 ಲಕ್ಷ ಬಡ್ಡಿ ಬಂದರೂ ಹಿಡಿದಿಲ್ಲ. ಸಂಘದ ಬಡ್ಡಿಗೆ ತೆರಿಗೆ ಇಲ್ಲವೆಂದು ಅರ್ಥವೇ? – ದಾವಣಗೆರೆ

ಉತ್ತರ: ಟಿಡಿಎಸ್ ಹಿಡಿಯದಿದ್ದರೆ ತೆರಿಗೆ ಇಲ್ಲ ಎಂದಲ್ಲ. ಹಿರಿಯರ ಬಡ್ಡಿ ಒಂದು ಬ್ಯಾಂಕಿನಲ್ಲಿ ವರ್ಷಕ್ಕೆ 1 ಲಕ್ಷ ದಾಟಿದರೆ (ಉಳಿದವರಿಗೆ 50,000) ಶೇ 10 ಹಿಡಿಯುತ್ತಾರೆ. ಸಹಕಾರ ಬ್ಯಾಂಕಿಗೂ ಇದೇ ನಿಯಮ. ಬ್ಯಾಂಕ್ ಅಲ್ಲದ ಸಹಕಾರ ಸಂಘ ತನ್ನ ಸದಸ್ಯರ ಬಡ್ಡಿಗೆ ಸಾಮಾನ್ಯವಾಗಿ ಟಿಡಿಎಸ್ ಹಿಡಿಯಬೇಕಾಗಿಲ್ಲ, ಅಷ್ಟೆ. ಆದಾಯ ಮಾತ್ರ ನಿಮ್ಮದೇ.

ನಿಮ್ಮ ಒಟ್ಟು ಬಡ್ಡಿ 4.90 ಲಕ್ಷ. ರಿಬೇಟ್ ಇರುವುದರಿಂದ ಕಟ್ಟಬೇಕಾದ ತೆರಿಗೆ ಸೊನ್ನೆ. ಆದರೆ 4 ಲಕ್ಷ ದಾಟಿದ್ದರಿಂದ ರಿಟರ್ನ್ಸ್ ಸಲ್ಲಿಸುವುದು ಕಡ್ಡಾಯ. ‘ತೆರಿಗೆ ಇಲ್ಲ, ರಿಟರ್ನ್ಸ್ ಯಾಕೆ’ ಎನ್ನುವವರು ಇಲ್ಲೇ ಎಡವುತ್ತಾರೆ. ಹಿಡಿದ ಟಿಡಿಎಸ್ 14,000 ವಾಪಸ್ ಬರಬೇಕಾದರೂ ಅದೇ ದಾರಿ. ಇನ್ನು ಮುಂದೆ ವರ್ಷದ ಮೊದಲ ತಿಂಗಳಲ್ಲೇ ಬ್ಯಾಂಕಿಗೆ ‘ನನಗೆ ತೆರಿಗೆ ಬರುವುದಿಲ್ಲ, ಟಿಡಿಎಸ್ ಹಿಡಿಯಬೇಡಿ’ ಎಂಬ ಸ್ವಯಂ ಘೋಷಣೆ ಕೊಟ್ಟುಬಿಡಿ. ಇಷ್ಟು ದಿನ ಇದಕ್ಕೆ 15ಎಚ್ ಫಾರಂ ಇತ್ತು, ಹೊಸ ಕಾಯ್ದೆಯಡಿ ಸಂಖ್ಯೆಗಳು ಬದಲಾಗುವುದರಿಂದ ಈಗಿನದು ಯಾವುದೆಂದು ಬ್ಯಾಂಕಿನಲ್ಲೇ ಕೇಳಿ ಪಡೆಯಿರಿ.

ಪ್ರಶ್ನೆ: ಹೆಂಡತಿಗೆ ಆದಾಯವಿಲ್ಲ. ಅವಳ ಹೆಸರಲ್ಲಿ 10 ಲಕ್ಷ ಎಫ್‌ಡಿ ಇಟ್ಟರೆ ಬಡ್ಡಿಗೆ ತೆರಿಗೆ ತಪ್ಪುತ್ತದಲ್ಲವೇ? ನಾನು ಶೇ 30ರ ಸ್ಲ್ಯಾಬ್‌ನಲ್ಲಿದ್ದೇನೆ. – ಉಡುಪಿ

ಉತ್ತರ: ತಪ್ಪುವುದಿಲ್ಲ. ಹೆಂಡತಿಗೆ ಹಣ ಕೊಟ್ಟಿದ್ದಕ್ಕೆ ತೆರಿಗೆ ಇಲ್ಲ, ಆದರೆ ಆ ಹಣ ದುಡಿದದ್ದು ನಿಮ್ಮ ಆದಾಯಕ್ಕೇ ಸೇರುತ್ತದೆ. ಶೇ 7ರಂತೆ 70,000 ಬಡ್ಡಿ ಬಂದರೆ ಸೆಸ್ ಸೇರಿ 21,840 ನಿಮ್ಮ ಲೆಕ್ಕಕ್ಕೆ. ಸೊಸೆಗೆ ಕೊಟ್ಟರೂ ಇದೇ ಕಥೆ. ಆ ಬಡ್ಡಿಯನ್ನು ಹೆಂಡತಿ ಬೇರೆ ಠೇವಣಿ ಇಟ್ಟರೆ, ಬಡ್ಡಿಯ ಮೇಲಿನ ಬಡ್ಡಿ ಮಾತ್ರ ಅವರದು. ತಂದೆ–ತಾಯಿಗೆ ಅಥವಾ 18 ತುಂಬಿದ ಮಕ್ಕಳಿಗೆ ನಿಜವಾಗಿಯೂ ಕೊಟ್ಟುಬಿಟ್ಟರೆ ಆದಾಯ ಅವರ ಲೆಕ್ಕಕ್ಕೆ ಹೋಗುತ್ತದೆ. ಕೊಟ್ಟುಬಿಟ್ಟರೆ ಎಂದರೆ ಹಣವೂ ಅವರದೇ. ಬ್ಯಾಂಕ್ ಮೂಲಕ ಕಳಿಸಿ, ಒಂದು ದಾನಪತ್ರ ಬರೆದಿಡಿ.

ಪ್ರಶ್ನೆ: ತಂದೆ 1994ರಲ್ಲಿ ಕೊಂಡ ನಿವೇಶನ ನನಗೆ ಬಂದಿತ್ತು. 2026ರ ಜನವರಿಯಲ್ಲಿ 40 ಲಕ್ಷಕ್ಕೆ ಮಾರಿದೆ. ನನಗೆ 9.75 ಲಕ್ಷ ಪಿಂಚಣಿಯೂ ಇದೆ. ಎಷ್ಟು ತೆರಿಗೆ? – ಹುಬ್ಬಳ್ಳಿ

ಉತ್ತರ: 2001ಕ್ಕಿಂತ ಹಿಂದಿನ ಆಸ್ತಿಯಾದ್ದರಿಂದ ತಂದೆ ಕೊಟ್ಟ ಬೆಲೆಯ ಬದಲು 2001ರ ಏಪ್ರಿಲ್ 1ರ ಮಾರುಕಟ್ಟೆ ಬೆಲೆಯನ್ನು ತೆಗೆದುಕೊಳ್ಳಬಹುದು. ಅದು ಆ ದಿನದ ಸರ್ಕಾರಿ ಮಾರ್ಗಸೂಚಿ ದರವನ್ನು ಮೀರುವಂತಿಲ್ಲ. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಹಳೆಯ ದರದ ದಾಖಲೆ ಪಡೆಯಿರಿ. ಅದು 2 ಲಕ್ಷ ಎಂದಿಟ್ಟುಕೊಳ್ಳೋಣ.

2024ರ ಜುಲೈ 23ಕ್ಕಿಂತ ಮೊದಲಿನ ಆಸ್ತಿಗೆ ಎರಡು ಲೆಕ್ಕ ಹಾಕಿ, ಕಡಿಮೆಯದನ್ನು ಕಟ್ಟಬಹುದು. ಹಣದುಬ್ಬರ ನೋಡದೆ ಶೇ 12.5: ಲಾಭ 38 ಲಕ್ಷ, ತೆರಿಗೆ 4.75 ಲಕ್ಷ. ಹಣದುಬ್ಬರ ಸೂಚ್ಯಂಕ ಹಚ್ಚಿ ಶೇ 20: 2001-02ಕ್ಕೆ 100, 2025-26ಕ್ಕೆ 376, ಹಾಗಾಗಿ ಖರೀದಿ ಬೆಲೆ 7.52 ಲಕ್ಷ, ಲಾಭ 32.48 ಲಕ್ಷ, ತೆರಿಗೆ 6,49,600. ನಿಮಗೆ ಮೊದಲನೆಯದೇ ಲೇಸು. ಬೆಲೆ ನಿಧಾನವಾಗಿ ಏರಿದ ಕಡೆ ಲೆಕ್ಕ ತಿರುಗುತ್ತದೆ. 2012-13ರಲ್ಲಿ (ಸೂಚ್ಯಂಕ 200) 15 ಲಕ್ಷಕ್ಕೆ ಕೊಂಡು ಈಗ 30 ಲಕ್ಷಕ್ಕೆ ಮಾರಿದವರಿಗೆ ಶೇ 12.5ರಲ್ಲಿ 1,87,500, ಶೇ 20ರಲ್ಲಿ ಬರೀ 36,000.

ಯಾರೂ ಹೇಳದ ಇನ್ನೊಂದು ಪೆಟ್ಟು ಇದೆ. ಈ 38 ಲಕ್ಷ ನಿಮ್ಮ ಒಟ್ಟು ಆದಾಯಕ್ಕೆ ಸೇರಿ 12 ಲಕ್ಷ ದಾಟುವುದರಿಂದ ಪಿಂಚಣಿಯ ಮೇಲಿನ ರಿಬೇಟೂ ಹೋಗುತ್ತದೆ. ಪಿಂಚಣಿಗೆ ಸೊನ್ನೆಯಿದ್ದ ತೆರಿಗೆ 30,000 ಮತ್ತು ಸೆಸ್ ಆಗುತ್ತದೆ.

ತಪ್ಪಿಸಿಕೊಳ್ಳುವ ನ್ಯಾಯಯುತ ದಾರಿ ಎರಡು. ಮಾರಿದ ದಿನದಿಂದ ಆರು ತಿಂಗಳೊಳಗೆ ಆರ್‌ಇಸಿ, ಪಿಎಫ್‌ಸಿಯಂಥ ಸರ್ಕಾರಿ ಸಂಸ್ಥೆಗಳ ಸೆಕ್ಷನ್ 54ಇಸಿ ಬಾಂಡ್‌ಗಳಲ್ಲಿ (ತೆರಿಗೆ ಉಳಿಸುವ ಸಾಲಪತ್ರ) ಲಾಭವನ್ನು (50 ಲಕ್ಷದ ಮಿತಿಯಲ್ಲಿ) ತೊಡಗಿಸುವುದು. ಐದು ವರ್ಷ ಮುಟ್ಟುವಂತಿಲ್ಲ. ಪೂರ್ತಿ 38 ಲಕ್ಷ ಹಾಕಿದರೆ ಆ ಲಾಭ ಒಟ್ಟು ಆದಾಯದಿಂದಲೇ ಹೊರಗುಳಿದು ಪಿಂಚಣಿಯ ರಿಬೇಟೂ ಉಳಿಯುತ್ತದೆ. ಜನವರಿಯಲ್ಲಿ ಮಾರಿದ್ದರಿಂದ ಜುಲೈ ನಿಮ್ಮ ಗಡುವು, ತಾರೀಖು ಕ್ರಯಪತ್ರ ನೋಡಿ ಎಣಿಸಿ. ಇನ್ನೊಂದು ದಾರಿ ಸೆಕ್ಷನ್ 54ಎಫ್: ಎರಡು ವರ್ಷದೊಳಗೆ ಮನೆ ಕೊಳ್ಳುವುದು ಅಥವಾ ಮೂರು ವರ್ಷದೊಳಗೆ ಕಟ್ಟಿಸುವುದು. ಇಲ್ಲಿ ಲಾಭವನ್ನಷ್ಟೇ ಅಲ್ಲ, ಮಾರಿ ಬಂದ ಪೂರ್ತಿ ಹಣವನ್ನು ಹಾಕಬೇಕು. ಅರ್ಧ ಹಾಕಿದರೆ ಅರ್ಧ ವಿನಾಯಿತಿ. ಮಾರುವ ದಿನ ನಿಮ್ಮ ಹೆಸರಲ್ಲಿ ಒಂದಕ್ಕಿಂತ ಹೆಚ್ಚು ಮನೆ ಇರಬಾರದು. ರಿಟರ್ನ್ಸ್ ಗಡುವಿನೊಳಗೆ ಖರ್ಚಾಗದ ಹಣವನ್ನು ಬ್ಯಾಂಕಿನ ‘ಬಂಡವಾಳ ಲಾಭ ಖಾತೆ’ಯಲ್ಲಿ ಇಡಬೇಕು. ಮಾಮೂಲು ಉಳಿತಾಯ ಖಾತೆಯಲ್ಲೇ ಬಿಟ್ಟವರು ವಿನಾಯಿತಿ ಕಳೆದುಕೊಳ್ಳುತ್ತಾರೆ.

ಕ್ರಯಪತ್ರದಲ್ಲಿ 40 ಲಕ್ಷ, ಮಾರ್ಗಸೂಚಿ ದರ 46 ಲಕ್ಷ ಇದ್ದರೆ ಲೆಕ್ಕ 46ಕ್ಕೇ. ಶೇ 10ರವರೆಗಿನ ವ್ಯತ್ಯಾಸವನ್ನು ಮಾತ್ರ ಬಿಡುತ್ತಾರೆ. ಮುಂಗಡವನ್ನು 20,000 ಅಥವಾ ಹೆಚ್ಚು ನಗದಾಗಿ ಪಡೆದಿದ್ದರೆ ಅಷ್ಟೇ ಮೊತ್ತದ ದಂಡ ಬೀಳಬಹುದು.

ಪ್ರಶ್ನೆ: ‘ಐದು ಸಾವಿರ ಕೊಡಿ, ನಲವತ್ತು ಸಾವಿರ ರಿಫಂಡ್ ಮಾಡಿಸುತ್ತೇನೆ’ ಎಂದ ಏಜೆಂಟರೊಬ್ಬರು ಹಿಂದಿನ ವರ್ಷ ಮಾಡಿಸಿಯೂ ಕೊಟ್ಟರು. ಈಗ ಭಯವಾಗುತ್ತಿದೆ. – ಕಲಬುರಗಿ

ಉತ್ತರ: ಭಯಪಡುವುದರಲ್ಲಿ ಅರ್ಥವಿದೆ. ಸಲ್ಲಿಸಿದ ರಿಟರ್ನ್ಸ್ ಪ್ರತಿಯನ್ನು ಪೋರ್ಟಲ್‌ನಿಂದ ಇಳಿಸಿಕೊಂಡು ಕಂಪನಿ ಕೊಟ್ಟ ಫಾರಂ 16ರ (ಸಂಬಳ ಮತ್ತು ಹಿಡಿದ ತೆರಿಗೆಯ ಪ್ರಮಾಣಪತ್ರ) ಪಕ್ಕ ಇಟ್ಟು ನೋಡಿ. ನೀವು ಕೊಡದ ರಾಜಕೀಯ ಪಕ್ಷದ ದೇಣಿಗೆ, ಕಟ್ಟದ ಬಾಡಿಗೆ, ಇಲ್ಲದ ಕಾಯಿಲೆಯ ಖರ್ಚು ಅದರಲ್ಲಿರಬಹುದು. 2025ರ ಜುಲೈನಲ್ಲಿ ಇಲಾಖೆ ಇಂಥ ನಕಲಿ ಕಡಿತಗಳ ಬೆನ್ನುಹತ್ತಿ ದೇಶದ 150 ಕಡೆ ತಪಾಸಣೆ ನಡೆಸಿತು. ಸುಳ್ಳು ಮಾಹಿತಿಗೆ ದಂಡ ತೆರಿಗೆಯ ಶೇ 200. ಸಹಿ ಯಾರದೋ ಹೊಣೆಯೂ ಅವರದು, ಏಜೆಂಟರ ಫೋನ್ ಅಷ್ಟರಲ್ಲಿ ಸ್ವಿಚ್ ಆಫ್ ಆಗಿರುತ್ತದೆ.

ನೋಟಿಸ್ ಬರುವ ಮೊದಲೇ ಐಟಿಆರ್-ಯು, ಅಂದರೆ ಪರಿಷ್ಕರಣೆಯ ಗಡುವು ಮುಗಿದ ಮೇಲೂ ಸಲ್ಲಿಸಬಹುದಾದ ರಿಟರ್ನ್ಸ್ ಹಾಕಿ. ತೆರಿಗೆ, ಬಡ್ಡಿಯ ಜೊತೆ ಹೆಚ್ಚುವರಿಯಾಗಿ ಅವೆರಡರ ಮೊತ್ತದ ಶೇ 25 ಕಟ್ಟಬೇಕು. ಇದು ಸಂಬಂಧಿಸಿದ ತೆರಿಗೆ ನಿರ್ಧರಣಾ ವರ್ಷ (ಆದಾಯ ಗಳಿಸಿದ ಸಾಲಿನ ಮುಂದಿನ ವರ್ಷ) ಮುಗಿದ 12 ತಿಂಗಳೊಳಗೆ. ಆಮೇಲೆ ವರ್ಷದಿಂದ ವರ್ಷಕ್ಕೆ ಶೇ 50, 60, 70. ನಾಲ್ಕು ವರ್ಷದ ನಂತರ ಈ ಬಾಗಿಲು ಮುಚ್ಚುತ್ತದೆ.

ಪ್ರಶ್ನೆ: ಸಾಲಕ್ಕಾಗಿ ಸೊನ್ನೆ ತೆರಿಗೆಯ ರಿಟರ್ನ್ಸ್ ಹಾಕಬೇಕಿದೆ. ಗೃಹಲಕ್ಷ್ಮಿ ನಿಲ್ಲುತ್ತದೆಯೇ? – ಮಂಡ್ಯ

ಉತ್ತರ: ಯೋಜನೆಯಿಂದ ಹೊರಗಿಟ್ಟಿರುವುದು ಮಹಿಳೆ ಅಥವಾ ಅವರ ಪತಿ ಆದಾಯ ತೆರಿಗೆ ಪಾವತಿದಾರರಾಗಿದ್ದರೆ ಇಲ್ಲವೇ ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುವವರಾಗಿದ್ದರೆ. ರಿಟರ್ನ್ಸ್ ಹಾಕುವುದೂ ತೆರಿಗೆ ಕಟ್ಟುವುದೂ ಒಂದೇ ಅಲ್ಲ. ರಿಟರ್ನ್ಸ್ ಪರಿಶೀಲಿಸಿ ಇಲಾಖೆ ಕಳಿಸುವ 143(1) ಸೂಚನೆಯಲ್ಲಿ ತೆರಿಗೆ ಸೊನ್ನೆ ಎಂದಿರುತ್ತದೆ, ಅದರ ಪ್ರತಿ ತೆಗೆದಿಡಿ. ಹೆಸರು ತಪ್ಪಿದರೆ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾ ಕಚೇರಿಯಲ್ಲಿ ತೋರಿಸಲು ಅದೇ ಆಧಾರ.

ಪ್ರಶ್ನೆ: ಕಳೆದ ಸಲ ರಿಟರ್ನ್ಸ್ ಸಲ್ಲಿಸಿ ತಿಂಗಳುಗಳಾದರೂ ರಿಫಂಡ್ ಬರಲಿಲ್ಲ. ಈ ಸಲ ಏನು ಎಚ್ಚರ ವಹಿಸಬೇಕು? – ವಿಜಯಪುರ

ಉತ್ತರ: ಸಲ್ಲಿಸಿದ 30 ದಿನದೊಳಗೆ ಆಧಾರ್ ಒಟಿಪಿಯಿಂದ ಇ-ವೆರಿಫೈ ಮಾಡಿ. ಅದಿಲ್ಲದೆ ಸಲ್ಲಿಸಿದ್ದು ಲೆಕ್ಕಕ್ಕಿಲ್ಲ. ತಡವಾದರೆ ವೆರಿಫೈ ಮಾಡಿದ ದಿನವೇ ಸಲ್ಲಿಕೆಯ ದಿನವಾಗಿ ತಡದ ಶುಲ್ಕ ಬೀಳಬಹುದು. ಒಟಿಪಿ ಸಾಧ್ಯವಾಗದವರು ಐಟಿಆರ್-ವಿ ಎಂಬ ಸ್ವೀಕೃತಿ ಪತ್ರಕ್ಕೆ ಸಹಿ ಹಾಕಿ ಬೆಂಗಳೂರು 560500ರ ಕೇಂದ್ರೀಕೃತ ಸಂಸ್ಕರಣಾ ಕೇಂದ್ರಕ್ಕೆ ಅಂಚೆಯಲ್ಲಿ ಕಳಿಸಬಹುದು. ದೇಶದ ಎಲ್ಲರ ರಿಟರ್ನ್ಸ್ ಅಲ್ಲಿಗೇ ಬರುತ್ತವೆ.

ಆಮೇಲೆ ಪೋರ್ಟಲ್‌ನಲ್ಲಿ ‘ಮೈ ಬ್ಯಾಂಕ್ ಅಕೌಂಟ್’ ತೆರೆದು ಖಾತೆ ವ್ಯಾಲಿಡೇಟ್ ಆಗಿದೆಯೇ ನೋಡಿ. ಪ್ಯಾನ್‌ನಲ್ಲಿ ತಂದೆಯ ಹೆಸರು ಸೇರಿದ ಪೂರ್ತಿ ಹೆಸರು, ಪಾಸ್‌ಬುಕ್ಕಿನಲ್ಲಿ ಬರೀ ಇನಿಷಿಯಲ್: ನಮ್ಮ ಕಡೆ ರಿಫಂಡ್ ಸಿಕ್ಕಿಬೀಳುವುದಕ್ಕೆ ಸಾಮಾನ್ಯ ಕಾರಣ ಇದು. ಬ್ಯಾಂಕ್ ವಿಲೀನವಾಗಿ ಐಎಫ್‌ಎಸ್‌ಸಿ ಬದಲಾಗಿರುವುದು ಇನ್ನೊಂದು. ಸರಿಪಡಿಸಿದ ಮೇಲೆ ರಿಫಂಡ್ ತಾನಾಗಿ ಬರುವುದಿಲ್ಲ, ‘ರಿಫಂಡ್ ರೀ-ಇಶ್ಯೂ’ ಮನವಿ ಹಾಕಬೇಕು. ಹಾಗೆ ಬಂದ ರಿಫಂಡಿನಲ್ಲಿ ಬಡ್ಡಿ ಸೇರಿದ್ದರೆ, ಆ ಬಡ್ಡಿಯನ್ನು ಮುಂದಿನ ರಿಟರ್ನ್ಸ್‌ನಲ್ಲಿ ಆದಾಯವಾಗಿ ತೋರಿಸಿ. ನಿಮ್ಮ ಎಐಎಸ್‌ನಲ್ಲಿ (ಇಲಾಖೆ ಇಟ್ಟಿರುವ ವಾರ್ಷಿಕ ಮಾಹಿತಿ ಪಟ್ಟಿ) ಅದು ಆಗಲೇ ದಾಖಲಾಗಿರುತ್ತದೆ.